ಪಿಕಪ್‌ಗೆ ಡೀಸೆಲ್ ಎಂಜಿನ್ ಕೂರಿಸುವ ಮುಂಚೆ ಹಾಕಬೇಕಾದ ಲೆಕ್ಕ

ಸಣ್ಣ ಪಿಕಪ್ ಒಂದಿದೆ, ಬಾಡಿ ಚಾಸಿಸ್ ಗಟ್ಟಿಯಾಗಿದೆ, ಪೆಟ್ರೋಲ್ ಎಂಜಿನ್ ಮಾತ್ರ ಸೋತಿದೆ. ಆಗ ಎಲ್ಲರಿಗೂ ಬರುವ ಆಸೆ ಒಂದೇ: ಇದಕ್ಕೊಂದು ಡೀಸೆಲ್ ಎಂಜಿನ್ ಹಾಕಿಬಿಟ್ಟರೆ? ನನಗೂ ಬಂದಿತ್ತು. ಹಾಕಿಯೂ ಹಾಕಿದೆ, ಗಾಡಿ ಈಗಲೂ ಓಡುತ್ತಿದೆ. ಆದರೆ ಎಂಜಿನ್ ಮನೆಗೆ ತಂದ ದಿನದಿಂದ ಗಾಡಿ ರಸ್ತೆಗೆ ಇಳಿಯುವ ತನಕ 13 ತಿಂಗಳು ಹಿಡಿಯಿತು, ಅದರಲ್ಲಿ ಎಂಜಿನ್ ಎತ್ತಿ ಕೂರಿಸಿದ್ದು ಬರೀ ಎರಡು ದಿನ. ಉಳಿದದ್ದೆಲ್ಲ ಬ್ರಾಕೆಟ್, ಪೈಪು, ವೈರು, ಟ್ಯಾಂಕು, ಮತ್ತೆ ನಾನು ಮೊದಲೇ ಹಾಕದೆ ಬಿಟ್ಟ ಲೆಕ್ಕ. ಆ ಲೆಕ್ಕ ಇಲ್ಲಿದೆ. ಎಂಜಿನ್ ಕೊಳ್ಳುವ ಮುಂಚೆ ಓದಿ, ಕೊಂಡ ಮೇಲೆ ಓದಿದರೆ ಬೇಜಾರಾಗುತ್ತದೆ.

ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಡೀಸೆಲ್ ಯಾಕೆ ಬೇಕು ಅಂತ. "ಮೈಲೇಜ್ ಉಳಿಯುತ್ತೆ" ಅನ್ನುವುದೇ ನಿಮ್ಮ ಉತ್ತರ ಆಗಿದ್ದರೆ, ಮುಂದಿನ ಭಾಗವನ್ನು ನಿಧಾನವಾಗಿ ಓದಿ.

ಲೀಟರ್ ಲೆಕ್ಕ

ದುಡ್ಡಿನ ಬದಲು ಲೀಟರಿನಲ್ಲಿ ಲೆಕ್ಕ ಹಾಕಿ. ಬೆಲೆ ಇವತ್ತೊಂದು ನಾಳೆ ಒಂದು, ಲೀಟರ್ ಹಾಗಲ್ಲ. ಈಗ ಗಾಡಿ ಲೀಟರಿಗೆ 10 ಕಿಲೋಮೀಟರ್ ಕೊಡುತ್ತಿದೆ, ಡೀಸೆಲ್ ಹಾಕಿದ ಮೇಲೆ 14 ಕೊಡುತ್ತದೆ ಅಂದುಕೊಳ್ಳಿ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ ಪೆಟ್ರೋಲ್ 1,500 ಲೀಟರ್, ಡೀಸೆಲ್ ಸುಮಾರು 1,070 ಲೀಟರ್. ಉಳಿದದ್ದು 430 ಲೀಟರ್. ಈಗ ಎಂಜಿನ್, ಅಡಾಪ್ಟರ್ ಪ್ಲೇಟ್, ಕ್ಲಚ್, ರೇಡಿಯೇಟರ್, ಲೇತ್ ಕೆಲಸ, ವೆಲ್ಡಿಂಗ್ ಎಲ್ಲ ಸೇರಿಸಿ ಬರುವ ಒಟ್ಟು ಖರ್ಚಿಗೆ ಎಷ್ಟು ಲೀಟರ್ ಪೆಟ್ರೋಲ್ ಬರುತ್ತದೆ ನೋಡಿ. 4,000 ಲೀಟರಿನಷ್ಟು ಖರ್ಚಾದರೆ ಅದು ವಾಪಸ್ ಬರೋಕೆ ಒಂಬತ್ತು ವರ್ಷ ಬೇಕು. ನೀವಿರುವ ಕಡೆ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಶೇ 10ರಷ್ಟು ಜಾಸ್ತಿ ಇದ್ದರೆ ಆ 1,070 ಅನ್ನು 1.1ರಿಂದ ಗುಣಿಸಿ, ಉಳಿತಾಯ 320ರ ಹತ್ತಿರ ಇಳಿಯುತ್ತದೆ. ಆಗ ಹನ್ನೆರಡು ವರ್ಷ ದಾಟುತ್ತದೆ. ಅಷ್ಟು ವರ್ಷ ಆ ಗಾಡಿಯ ಬಾಡಿ ತುಕ್ಕು ತಿನ್ನದೆ ಉಳಿಯುತ್ತದಾ ಅನ್ನುವುದು ಬೇರೆ ಮಾತು.

ಇನ್ನೊಂದು ವಿಷಯ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ 10ರಿಂದ 15ರಷ್ಟು ಜಾಸ್ತಿ ಶಕ್ತಿ ಇರುತ್ತದೆ. ನೀವು ಮೈಲೇಜ್ ಅಂತ ಖುಷಿಪಡುವುದರಲ್ಲಿ ಒಂದು ಪಾಲು ಎಂಜಿನ್ನಿನ ಜಾಣತನ ಅಲ್ಲ, ಎಣ್ಣೆಯದ್ದೇ ಗುಣ. ಉಳಿದದ್ದು ಡೀಸೆಲ್ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಹಿಂಡುವ ಪ್ರಮಾಣ) ಜಾಸ್ತಿ ಇರುವುದರಿಂದ, ಮತ್ತೆ ಗಾಳಿ ಒಳಗೆ ಬರುವ ದಾರಿಯನ್ನು ಅದು ಪೆಟ್ರೋಲ್ ಎಂಜಿನ್ ತರ ಮುಚ್ಚಿ ಹಿಡಿಯದೆ ಇರುವುದರಿಂದ ಬರುತ್ತದೆ. ಈ ಎರಡನೇ ಕಾರಣ ನೆನಪಿರಲಿ, ಬ್ರೇಕ್ ವಿಷಯದಲ್ಲಿ ಇದೇ ನಮ್ಮನ್ನು ಹಿಡಿಯುತ್ತದೆ.

ಹಾಗಾದರೆ ಯಾಕೆ ಮಾಡಬೇಕು? ಲೋಡ್ ಹಾಕಿಕೊಂಡು ಏರು ಹತ್ತುವವರಿಗೆ, ಟ್ರೇಲರ್ ಎಳೆಯುವವರಿಗೆ, ಕೆಸರು ಕಲ್ಲಿನ ದಾರಿಯಲ್ಲಿ ನಿಧಾನಕ್ಕೆ ಹೋಗುವವರಿಗೆ ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಎಳೆತ ಬೇಕು, ಅದಕ್ಕೆ. ಫೋಕ್ಸ್‌ವ್ಯಾಗನ್‌ನ 1.9 ಟಿಡಿಐ ತಗೊಳ್ಳಿ, 90 ಹಾರ್ಸ್‌ಪವರ್ ಮಾತ್ರ, ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಆದರೆ 210 ನ್ಯೂಟನ್ ಮೀಟರ್ ಟಾರ್ಕ್ 1,900 ಆರ್‌ಪಿಎಂಗೇ ಸಿಕ್ಕಿಬಿಡುತ್ತದೆ. ಅದೇ ಸುಮಾರು ಹಾರ್ಸ್‌ಪವರಿನ ಹಳೆಯ ಪೆಟ್ರೋಲ್ ಎಂಜಿನ್ ಆ ಏರಿನಲ್ಲಿ ಅರಚಿಕೊಂಡು ಎರಡನೇ ಗೇರಿಗೆ ಬಂದಿರುತ್ತದೆ. ಈ ಸುಖಕ್ಕೆ ಖರ್ಚು ಮಾಡುತ್ತೇನೆ ಅಂದರೆ ಸರಿ. ಉಳಿತಾಯಕ್ಕೆ ಅಂದರೆ, ಇರುವ ಪೆಟ್ರೋಲ್ ಎಂಜಿನ್ನನ್ನೇ ಬಿಚ್ಚಿ ರೀಬೋರ್ ಮಾಡಿಸಿ, ಸುಮ್ನೆ ತಲೆಬಿಸಿ ಯಾಕೆ.

ಯಾವ ಎಂಜಿನ್

ಇಲ್ಲಿ ಎಲ್ಲರೂ ಮಾಡುವ ತಪ್ಪು, ಹೆಸರು ಮಾಡಿದ ಎಂಜಿನ್ ಹಿಂದೆ ಹೋಗುವುದು. ಕಮಿನ್ಸ್ 4ಬಿಟಿ ಅಂದರೆ ಬಾಯಲ್ಲಿ ನೀರು ಬರುತ್ತದೆ. 3.9 ಲೀಟರ್, ನಾಲ್ಕು ಸಿಲಿಂಡರ್, ಎಲೆಕ್ಟ್ರಾನಿಕ್ಸ್ ಇಲ್ಲ. ಅಮೆರಿಕದಲ್ಲಿ ಬ್ರೆಡ್ ಹಂಚುವ ವ್ಯಾನುಗಳಲ್ಲಿ ದುಡಿದ ಎಂಜಿನ್ ಅದು. ಆದರೆ ತೂಕ ಸುಮಾರು 340 ಕಿಲೋ. ಸಣ್ಣ ಪಿಕಪ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 150 ಕಿಲೋ ಸುತ್ತಮುತ್ತ. ಅಂದರೆ ಬಾನೆಟ್ ಮೇಲೆ ಮೂರು ಜನರನ್ನು ಖಾಯಂ ಕೂರಿಸಿಕೊಂಡು ಗಾಡಿ ಓಡಿಸಿದ ಹಾಗೆ. ಮುಂದಿನ ಸ್ಪ್ರಿಂಗ್, ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಬ್ರೇಕ್ ಎಲ್ಲದರ ಲೆಕ್ಕ ಹೊಸದಾಗಿ ಹಾಕಬೇಕು, ಮೇಲಿಂದ ಅದರ ನಡುಕಕ್ಕೆ ಡ್ಯಾಶ್‌ಬೋರ್ಡಿನ ಸ್ಕ್ರೂಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಮರ್ಸಿಡಿಸ್‌ನ ಓಎಂ617 ಇನ್ನೊಂದು. ಐದು ಸಿಲಿಂಡರ್, 3 ಲೀಟರ್, ಸಾಯುವುದೇ ಇಲ್ಲ ಅಂತ ಹೆಸರು. ಆದರೆ ಉದ್ದ. ಸಣ್ಣ ಪಿಕಪ್‌ನಲ್ಲಿ ಅದನ್ನು ಕೂರಿಸಿದರೆ ರೇಡಿಯೇಟರಿಗೂ ಫ್ಯಾನಿಗೂ ಜಾಗ ಹುಡುಕಬೇಕಾಗುತ್ತದೆ.

ನನ್ನನ್ನು ಕೇಳಿದರೆ, ನಿಮ್ಮ ಪಿಕಪ್ ಮಾಡೆಲ್ ಜಗತ್ತಿನ ಬೇರೆ ಯಾವುದಾದರೂ ದೇಶದಲ್ಲಿ ಡೀಸೆಲ್‌ನಲ್ಲೇ ಮಾರಾಟ ಆಗಿತ್ತಾ ಅಂತ ಮೊದಲು ಹುಡುಕಿ. ಬಹಳಷ್ಟು ಸಲ ಆಗಿರುತ್ತದೆ. ಟೊಯೋಟಾ ಹೈಲಕ್ಸ್‌ಗೆ ಎಲ್ ಸರಣಿಯ ಡೀಸೆಲ್‌ಗಳು ಬಂದವು, ಇಸುಜು ಪಿಕಪ್‌ಗಳಿಗೆ 2.2 ಲೀಟರಿನ ಸಿ223, ಆಮೇಲೆ 4ಜೆಎ1, 4ಜೆಬಿ1, ಮಿತ್ಸುಬಿಷಿ ಎಲ್200ಗೆ 4ಡಿ56, ನಿಸ್ಸಾನ್‌ಗೆ ಎಸ್‌ಡಿ22, ಟಿಡಿ27. ಅಂಥ ಎಂಜಿನ್ ಸಿಕ್ಕರೆ ಅರ್ಧ ಯುದ್ಧ ಗೆದ್ದ ಹಾಗೆ, ಯಾಕೆಂದರೆ ಎಂಜಿನ್ ಮೌಂಟ್, ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ), ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಗಂಟೆಯಾಕಾರದ ಕವಚ), ಎಕ್ಸಾಸ್ಟ್ ಪೈಪಿನ ತಿರುವು ಎಲ್ಲವನ್ನೂ ಕಂಪನಿಯವರೇ ಆ ಚಾಸಿಸ್‌ಗೆ ಹೊಂದಿಸಿ ಇಟ್ಟಿರುತ್ತಾರೆ. ಶಕ್ತಿ ಸ್ವಲ್ಪ ಕಡಿಮೆ ಇರಬಹುದು. ಇರಲಿ. ಆದರೆ ಅಲ್ಲೂ ಕಣ್ಣು ಮುಚ್ಚಿ ತಗೋಬೇಡಿ, ಟೊಯೋಟಾ 2ಎಲ್-ಟಿ ಬಿಸಿಯಾದರೆ ಹೆಡ್ ಬಿರುಕು ಬಿಡುವುದಕ್ಕೇ ಹೆಸರುವಾಸಿ.

ಡೀಸೆಲ್ ಸಿಂಪಡಿಸೋಕೆ ಹಳೆಯ ಮೆಕ್ಯಾನಿಕಲ್ ಪಂಪಾ, ಕಂಪ್ಯೂಟರ್ ಹಿಡಿತದ ಕಾಮನ್ ರೈಲಾ ಅನ್ನುವ ಪ್ರಶ್ನೆ ಇದಕ್ಕಿಂತ ದೊಡ್ಡದು. ಹಳೆಯ ಮೆಕ್ಯಾನಿಕಲ್ ಪಂಪ್ ಎಂಜಿನ್ ಓಡೋಕೆ ಸ್ಟಾಪ್ ಸೊಲೆನಾಯ್ಡ್‌ಗೆ (ಡೀಸೆಲ್ ಬಿಡುವ, ನಿಲ್ಲಿಸುವ ವಿದ್ಯುತ್ ಕವಾಟ) ಒಂದು 12 ವೋಲ್ಟ್ ವೈರ್ ಸಾಕು, ಹೀಟರ್ ಪ್ಲಗ್‌ಗೆ ಒಂದು ರಿಲೇ. ಕಾಮನ್ ರೈಲ್ ಶಾಂತ, ಹೊಗೆ ಕಡಿಮೆ, ಶಕ್ತಿ ಜಾಸ್ತಿ, ಆದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಆಕ್ಸಿಲರೇಟರ್ ಪೆಡಲ್ ಸೆನ್ಸರ್, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಬೀಗ), ಕೀಲಿಯ ಚಿಪ್, ಕೆಲವು ಗಾಡಿಗಳಲ್ಲಿ ಮೀಟರ್ ಬೋರ್ಡ್ ಕೂಡ ಒಂದೇ ಗಾಡಿಯದ್ದೇ ಆಗಿರಬೇಕು. ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ಎಂಜಿನ್ ಚೆನ್ನಾಗಿತ್ತು, ವ್ಯಾಪಾರವೂ ಚೆನ್ನಾಗಿತ್ತು, ಗುಜರಿಯವನು ವೈರಿಂಗನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿ ಎಂಜಿನ್ ಇಳಿಸಿದ್ದ. ಕತ್ತರಿಸಿದ ಜಾಗದಲ್ಲಿ ನಲವತ್ತಕ್ಕೂ ಜಾಸ್ತಿ ವೈರ್ ತುದಿಗಳು, ಅದರಲ್ಲಿ ಎಂಟು ಕಂದು ಬಣ್ಣದವು. ಆ ಎಂಟು ಕಂದು ವೈರುಗಳಲ್ಲಿ ಯಾವುದು ಎಲ್ಲಿಗೆ ಅಂತ ಮಲ್ಟಿಮೀಟರ್ ಹಿಡಿದು ಕೂತು ನಾಲ್ಕು ತಿಂಗಳ ಭಾನುವಾರಗಳು ಹೋದವು. ಆನೆ ದಾಟಿದರೂ ಬಾಲ ಸಿಕ್ಕಿಹಾಕಿಕೊಂಡ ಹಾಗೆ. ಅದಕ್ಕೇ ಹೇಳುವುದು, ಸಾಧ್ಯವಾದರೆ ಇಡೀ ಗಾಡಿಯನ್ನೇ ಕೊಳ್ಳಿ. ಗುದ್ದಿ ನಜ್ಜುಗುಜ್ಜಾದ ಗಾಡಿ ಆದರೂ ಸರಿ, ಹಿಂದೆ ಗುದ್ದಿದ್ದಾಗಿರಲಿ. ಎಂಜಿನ್, ವೈರಿಂಗ್, ಪೆಡಲ್, ಇಂಟರ್‌ಕೂಲರ್, ಕೀಲಿ, ಹೆಸರೇ ಗೊತ್ತಿಲ್ಲದ ಸಣ್ಣ ಬ್ರಾಕೆಟ್‌ಗಳು, ಎಲ್ಲ ಒಂದೇ ಕಡೆ ಸಿಗುತ್ತವೆ, ಮತ್ತೆ ಬಿಚ್ಚುವ ಮುಂಚೆ ಅದನ್ನು ಓಡಿಸಿ ನೋಡಬಹುದು.

ಓಡಿಸಿ ನೋಡುವುದು ಅಂದರೆ ತಣ್ಣಗಿರುವಾಗ. ಮಾರುವವರು ಎಂಜಿನ್ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ನಾಳೆ ಬರುತ್ತೇನೆ ಅನ್ನಿ. ಬ್ಲಾಕ್ ಮೇಲೆ ಕೈ ಇಟ್ಟು ನೋಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಕೂಡಲೇ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ, ನಿಲ್ಲದೆ ಬರುತ್ತಲೇ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಹಾಗೇ ಅದರ ಬಾಯಿಯ ಮೇಲೆ ಇಡಿ. ಸ್ವಲ್ಪ ಕುಣಿದರೆ ಸರಿ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಹೋಗಿದೆ. ಕಂಪ್ರೆಷನ್ ಅಳೆಯಲು ಡೀಸೆಲ್‌ಗೆಂದೇ ಇರುವ ಗೇಜ್ ಬೇಕು, ಪೆಟ್ರೋಲಿನದ್ದು ತಡೆಯುವುದಿಲ್ಲ. 1.9 ಟಿಡಿಐ ಎಂಜಿನ್ ಹೊಸದರಲ್ಲಿ 25ರಿಂದ 31 ಬಾರ್ ತೋರಿಸುತ್ತದೆ, 19ಕ್ಕೆ ಬಂದರೆ ಸವೆದಿದೆ ಎಂದೇ ಲೆಕ್ಕ, ಸಿಲಿಂಡರುಗಳ ನಡುವೆ 5 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ನೋಡೋಕೆ ಎಷ್ಟೇ ಹೊಸದಾಗಿ ಕಂಡರೂ, ನೆಲದ ಮೇಲಿರುವಾಗಲೇ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಬದಲಾಯಿಸಿಬಿಡಿ.

ಗೇರು, ಕ್ರೌನ್, ವೇಗ

ಡೀಸೆಲ್ ಎಂಜಿನ್ ಪೆಟ್ರೋಲಿನಷ್ಟು ತಿರುಗುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೆ ತಮ್ಮ ಗಾಡಿಗೆ ಲೆಕ್ಕ ಹಾಕುವವರು ಕಡಿಮೆ. ಪೆನ್ನು ತಗೊಳ್ಳಿ. ಟೈರಿನ ಎತ್ತರ 70 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಅದು 2.2 ಮೀಟರ್ ಹೋಗುತ್ತದೆ. 90 ಕಿಲೋಮೀಟರ್ ವೇಗ ಅಂದರೆ ನಿಮಿಷಕ್ಕೆ 1,500 ಮೀಟರ್, ಹಾಗಾದರೆ ಚಕ್ರ ನಿಮಿಷಕ್ಕೆ 682 ಸುತ್ತು. ಹಿಂದಿನ ಆಕ್ಸಲ್ ಒಳಗಿನ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್, ಅದರ ರೇಷಿಯೋ 4.10 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಸುಮಾರು 2,800 ಸುತ್ತುತ್ತದೆ. ನಾಲ್ಕನೇ ಗೇರ್ ನೇರ (1:1) ಆಗಿದ್ದರೆ ಎಂಜಿನ್ನೂ ಅಷ್ಟೇ. ಪೆಟ್ರೋಲ್ ಎಂಜಿನ್‌ಗೆ ಇದು ಆರಾಮ. 4ಬಿಟಿಯಂಥ ಎಂಜಿನ್‌ಗೆ ಗವರ್ನರ್ (ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ಭಾಗ) 2,500ರಿಂದ 2,800ರ ಸುತ್ತ ಹಿಡಿದುಬಿಡುತ್ತದೆ, ಅಲ್ಲಿಗೆ ಗಾಡಿಯ ವೇಗ ಮುಗಿಯಿತು. ಐದನೇ ಗೇರ್ 0.85 ಇದ್ದರೆ 2,380ಕ್ಕೆ ಇಳಿಯುತ್ತದೆ. ಕ್ರೌನ್ ಬದಲಾಯಿಸಿ 3.42 ಹಾಕಿದರೆ ಐದನೇ ಗೇರಿನಲ್ಲಿ 2,000ಕ್ಕೂ ಸ್ವಲ್ಪ ಕಮ್ಮಿ, ಡೀಸೆಲ್ ಗುನುಗಿಕೊಂಡು ಹೋಗುವುದು ಅಲ್ಲೇ. ಟಿಡಿಐಯಂಥ ಸಣ್ಣ ಎಂಜಿನ್ 4,500ರ ತನಕ ತಿರುಗುವುದರಿಂದ ಅದಕ್ಕೆ ಹಳೆಯ ಕ್ರೌನೇ ಸಾಕಾಗಬಹುದು. ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಗಾಡಿ ಆದರೆ ಮುಂದೆ ಹಿಂದೆ ಎರಡೂ ಕ್ರೌನ್ ಬದಲಾಯಿಸಬೇಕು, ಮರೆಯಬೇಡಿ.

ಗೇರ್‌ಬಾಕ್ಸ್ ತಡೆಯುತ್ತದಾ ಅನ್ನುವುದು ಮುಂದಿನ ಪ್ರಶ್ನೆ. ಟಾರ್ಕ್ ಅಂಕಿ ಮಾತ್ರ ನೋಡಿದರೆ ಸಾಲದು, ಡೀಸೆಲ್‌ನ ಒಂದೊಂದು ಹೊಡೆತವೂ ಸುತ್ತಿಗೆಯಲ್ಲಿ ಬಡಿದ ಹಾಗೆ ಇನ್‌ಪುಟ್ ಶಾಫ್ಟ್‌ಗೆ ತಾಗುತ್ತದೆ. ಗೇರ್‌ಬಾಕ್ಸ್ ತಡೆಯಬಲ್ಲ ಟಾರ್ಕ್ ಎಂಜಿನ್ ಟಾರ್ಕ್‌ಗಿಂತ ಒಂದಷ್ಟು ಜಾಸ್ತಿ ಇರಲೇಬೇಕು.

ಎಂಜಿನ್ ಒಂದು ಕಂಪನಿಯದ್ದು, ಗೇರ್‌ಬಾಕ್ಸ್ ಇನ್ನೊಂದು ಕಂಪನಿಯದ್ದು ಆದರೆ ನಡುವೆ ಅಡಾಪ್ಟರ್ ಪ್ಲೇಟ್ ಬರುತ್ತದೆ. ಸಿದ್ಧ ಕಿಟ್ ಸಿಗುವ ಜೋಡಿಯನ್ನೇ ಆರಿಸಿ. ಲೇತ್‌ನಲ್ಲಿ ಮಾಡಿಸಿಕೊಳ್ಳುತ್ತೇನೆ ಅನ್ನುವವರು ಡಯಲ್ ಗೇಜ್‌ನ ಮ್ಯಾಗ್ನೆಟ್ಟನ್ನು ಫ್ಲೈವೀಲ್‌ಗೆ ಕಚ್ಚಿಸಿ, ಅದರ ಮುಳ್ಳನ್ನು ಬೆಲ್ ಹೌಸಿಂಗ್ ರಂಧ್ರದ ಒಳಗೋಡೆಗೆ ತಾಗಿಸಿ, ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಬೇಕು. ಮುಳ್ಳು ಒಟ್ಟು 0.13 ಮಿಲಿಮೀಟರಿಗಿಂತ ಜಾಸ್ತಿ ಅಲ್ಲಾಡಬಾರದು. ಅಲ್ಲಾಡಿದರೆ ಪೈಲಟ್ ಬೇರಿಂಗ್, ಇನ್‌ಪುಟ್ ಬೇರಿಂಗ್ ಎರಡೂ ತಿಂದುಹೋಗುತ್ತವೆ. ಮತ್ತೆ ಗೇರ್‌ಬಾಕ್ಸ್ ಕೂರುವಾಗ ಕೈಯಲ್ಲಿ ತಳ್ಳಿದರೆ ಪೂರ್ತಿ ಕೂರಬೇಕು. ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಏನೋ ತಾಗುತ್ತಿದೆ, ಇಳಿಸಿ ನೋಡಿ.

ಜಾಗದ ಅಳತೆಗೆ ಒಂದು ಉಪಾಯ. ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಅಂಟಿಸಿ ಎಂಜಿನ್ ಗಾತ್ರದ್ದೇ ಒಂದು ಗೊಂಬೆ ಮಾಡಿ, ಸಂಪಿನ ಆಳ ಎಲ್ಲಿದೆ, ಟರ್ಬೋ ಯಾವ ಕಡೆ ಉಬ್ಬಿದೆ ಎಲ್ಲ ಸೇರಿಸಿ. ಹಳೆಯ ಎಂಜಿನ್ ತೆಗೆದ ಜಾಗದಲ್ಲಿ ಅದನ್ನು ಇಟ್ಟು ಬಾನೆಟ್ ಮುಚ್ಚಿ ನೋಡಿ. ಮಕ್ಕಳಾಟ ಅನ್ನಿಸುತ್ತೆ ಅಲ್ವಾ? ನನ್ನ ಗೊಂಬೆ ಸ್ಟೀರಿಂಗ್ ಶಾಫ್ಟ್‌ಗೆ ತಾಗಿತ್ತು. ಟರ್ಬೋ ಇದ್ದ ಕಡೆಯೇ ಸ್ಟೀರಿಂಗ್. ರಟ್ಟು ಮಡಚಿತು, ಎರಕದ ಕಬ್ಬಿಣ ಮಡಚುತ್ತಿರಲಿಲ್ಲ.

ಬ್ರೇಕು ಮತ್ತು ಟ್ಯಾಂಕು

ಇದನ್ನು ಬಿಟ್ಟು ಬೇರೆ ಎಲ್ಲ ಮರೆತರೂ ಪರವಾಗಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಹುಟ್ಟುತ್ತದೆ, ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಅದರಿಂದ. ಡೀಸೆಲ್ ಗಾಳಿಯ ದಾರಿ ಮುಚ್ಚುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೇ ಅಲ್ಲಿ ವ್ಯಾಕ್ಯೂಮೂ ಇಲ್ಲ. ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಕೆಲವು ಎಂಜಿನ್‌ಗಳಲ್ಲಿ ಅದು ಡೈನಮೋ ಬೆನ್ನಿಗೆ ಇರುತ್ತದೆ, ಕೆಲವದರಲ್ಲಿ ಹೆಡ್‌ನ ತುದಿಯಲ್ಲಿ. ಡೈನಮೋ ಬೆನ್ನಿಗೆ ಇರುವ ಎಂಜಿನ್‌ಗೆ ಯಾರೋ ಬೇರೆ ಡೈನಮೋ ಹಾಕಿದ್ದರೆ ಪಂಪ್ ಹೋಯಿತು ಅಂತಲೇ ಅರ್ಥ. ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುವ ತನಕ ಐದಾರು ಸಲ ಒತ್ತಿ. ಕಾಲು ಹಾಗೇ ಒತ್ತಿ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿ ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ಗಾಡಿ ಗೇಟು ದಾಟುವ ಹಾಗಿಲ್ಲ.

ಟ್ಯಾಂಕಿನಲ್ಲಿ ಪೆಟ್ರೋಲ್ ಒಂದು ತೊಟ್ಟೂ ಉಳಿಯಬಾರದು. ಡೀಸೆಲ್ ಪಂಪ್ ಒಳಗಿನ ಭಾಗಗಳಿಗೆ ಡೀಸೆಲ್ಲೇ ಗ್ರೀಸು, ಪೆಟ್ರೋಲ್ ಸೇರಿದರೆ ಅವು ಒಂದನ್ನೊಂದು ಉಜ್ಜಿ ಹಾಳಾಗುತ್ತವೆ. ಸತು ಲೇಪನ ಇರುವ ಟ್ಯಾಂಕ್ ಡೀಸೆಲ್‌ಗೆ ಆಗಿಬರುವುದಿಲ್ಲ. ಪೆಟ್ರೋಲ್ ಗಾಡಿಯ ಒಳಗಿನ ಎಲೆಕ್ಟ್ರಿಕ್ ಪಂಪ್ ತೆಗೆಯಬೇಕು, ಮಿಕ್ಕ ಡೀಸೆಲ್ ವಾಪಸ್ ಬರಲು ದಪ್ಪ ರಿಟರ್ನ್ ಲೈನ್ ಬೇಕು, ನೀರು ಬೇರ್ಪಡಿಸುವ ಫಿಲ್ಟರ್ ಕೈಗೆಟುಕುವ ಕಡೆ ಇರಬೇಕು. ಟ್ಯಾಂಕ್‌ಗೆ ವೆಲ್ಡಿಂಗ್ ಮಾತ್ರ ನೀವೇ ಮಾಡಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಅದರೊಳಗೆ ಆವಿ ಇರುತ್ತದೆ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಆರ್‌ಪಿಎಂ ಮೀಟರ್ ಇಗ್ನಿಷನ್ ಕಾಯಿಲ್‌ನಿಂದ ಓಡುತ್ತಿತ್ತು, ಈಗ ಕಾಯಿಲ್ಲೇ ಇಲ್ಲ, ಡೈನಮೋದ ಡಬ್ಲ್ಯು ತುದಿಯಿಂದ ಸಿಗ್ನಲ್ ತಗೋಬೇಕು. ಬ್ಯಾಟರಿ ದೊಡ್ಡದು ಬೇಕು. ಲಾರಿಯಿಂದ ಬಂದ ಎಂಜಿನ್ ಆದರೆ ಸೆಲ್ಫ್ ಮೋಟಾರ್ 24 ವೋಲ್ಟಾ ನೋಡಿ. ಟರ್ಬೋ ಇದ್ದರೆ ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಹಾಕಿಸಿ, ಟರ್ಬೋಗೆ ಮುಂಚೆ 700 ಡಿಗ್ರಿ ಹತ್ತಿರ ಬಂದರೆ ಕಾಲು ಎತ್ತಿ. ಕಾನೂನು ಮಾತ್ರ ಸಣ್ಣದಲ್ಲ. ಎಂಜಿನ್ ನಂಬರ್, ಇಂಧನ ಎರಡೂ ದಾಖಲೆಯಲ್ಲಿ ಬದಲಾಗಬೇಕು, ಹೊಗೆ ಪರೀಕ್ಷೆ ಡೀಸೆಲ್ ನಿಯಮದಂತೆ ಪಾಸಾಗಬೇಕು, ಕೆಲವು ಕಡೆ ಗಾಡಿಗಿಂತ ಹಳೆಯ ಎಂಜಿನ್ ಹಾಕುವ ಹಾಗೇ ಇಲ್ಲ, ವಿಮೆಯವರಿಗೂ ತಿಳಿಸಬೇಕು. ನೋಂದಣಿ ಕಚೇರಿಗೆ ಹೋಗಿ ಕೇಳಿ, ಎಂಜಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ. ಬಾಯಿ ಮಾತಿನಲ್ಲಿ "ಆಗುತ್ತೆ ಬಿಡಿ" ಅಂದರೆ ನಂಬಬೇಡಿ, ಬರೆದು ಕೇಳಿ.

ಮೊದಲ ಸ್ಟಾರ್ಟ್

ಡೀಸೆಲ್ ಲೈನಿನಲ್ಲಿ ಏರ್ ಇದ್ದರೆ ಎಂಜಿನ್ ಹಿಡಿಯುವುದಿಲ್ಲ. ಫಿಲ್ಟರ್ ಮೇಲಿನ ಕೈಪಂಪ್ ಒತ್ತುತ್ತಾ ಏರ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಂತ ಮೇಲೆ ಬಿಗಿಯಿರಿ. ಮೆಕ್ಯಾನಿಕಲ್ ಪಂಪ್ ಆದರೆ ನಾಜಲ್ ಪೈಪಿನ ನಟ್ಟುಗಳನ್ನೂ ಸಡಿಲಿಸಿ ಸೆಲ್ಫ್ ಹೊಡೆದು ಏರ್ ತೆಗೆಯಬಹುದು, ಮುಖ ಕೈ ದೂರ ಇರಲಿ. ಕಾಮನ್ ರೈಲ್‌ನಲ್ಲಿ ಆ ನಟ್ಟುಗಳಿಗೆ ಕೈ ಹಚ್ಚಲೇಬೇಡಿ, ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಏರ್ ಫಿಲ್ಟರ್ ಪೈಪ್ ಬಿಚ್ಚಿಟ್ಟು, ಆ ಬಾಯಿ ಪೂರ್ತಿ ಮುಚ್ಚುವಷ್ಟು ಅಗಲದ ಹಲಗೆ ತುಂಡು ಒಂದನ್ನು ಹಿಡಿದು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ. ಟರ್ಬೋ ಸೀಲ್ ಹೋಗಿದ್ದರೆ ಎಂಜಿನ್ ತನ್ನ ಆಯಿಲ್ಲನ್ನೇ ಕುಡಿದು ಅದರ ಆರ್‌ಪಿಎಂ ತಾನಾಗಿಯೇ ಏರತೊಡಗುತ್ತದೆ, ಆಗ ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ಅಂಗೈಯಲ್ಲಿ ಮುಚ್ಚೋಕೆ ಹೋಗಬೇಡಿ, ಬಟ್ಟೆಯನ್ನೂ ಒಳಗೆಳೆದುಕೊಂಡುಬಿಡುತ್ತದೆ. ನನ್ನ ಭಾವಮೈದ ಹಲಗೆ ಹಿಡಿದು ನಿಂತಿದ್ದ. ಎಂಜಿನ್ ಮೂರನೇ ಸಲಕ್ಕೆ ಹಿಡಿಯಿತು, ಎರಡು ಸಲ ಕೆಮ್ಮಿತು, ಆಮೇಲೆ ಟಕಟಕ ಅಂತ ಒಂದೇ ಸಮ ನಿಂತಿತು. ಅವನು ಮಾತ್ರ ಇನ್ನೂ ಹತ್ತು ನಿಮಿಷ ಹಲಗೆ ಕೆಳಗಿಡಲಿಲ್ಲ, ಅಷ್ಟು ಹೊತ್ತಿನಲ್ಲಿ ನಾನು ಗಾಡಿಯ ಕೆಳಗೆ ಮಲಗಿ ರಿಟರ್ನ್ ಲೈನಿನ ಒಂದು ಕ್ಲಿಪ್‌ನಿಂದ ಡೀಸೆಲ್ ತೊಟ್ಟಿಕ್ಕುತ್ತಿದ್ದುದನ್ನು ಹುಡುಕಿ ಬಿಗಿದೆ.